ಕಣಜದಲ್ಲಿ ಸೆರೆಯಾದ ಕಾವಲುಗಾರರು

ಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ ನಾನು ಯಕೃತ್ತನ್ನು ‘ದೇಹದ ಕಣಜ’ ಎಂದು ಹೇಳಿ ಮುಂದಿನ ಪಾಠಕ್ಕೆ ಸಾಗುತ್ತಿದ್ದೆ. ಉಂಡ ಅನ್ನದ ಸಕ್ಕರೆಯಲ್ಲಿ ಮಿಕ್ಕಿದ್ದು ಗ್ಲೈಕೊಜೆನ್ ಆಗಿ ಅಲ್ಲಿ ಸೇರುತ್ತದೆ. ಹಸಿದಾಗ ಮತ್ತೆ ಸಕ್ಕರೆಯಾಗಿ ರಕ್ತಕ್ಕಿಳಿಯುತ್ತದೆ. ಹೇಳಿದ್ದು ತಪ್ಪಲ್ಲ. ಆದರೆ ಕಣಜವೆಂದರೆ ಬರಿಯ ಜಡ ಉಗ್ರಾಣವೆಂಬ ಭಾವನೆಯನ್ನು ಮಕ್ಕಳಲ್ಲಿ ಬಿತ್ತಿದೆನಲ್ಲ, ಅದು ಅರೆಸತ್ಯ.

ಈ ಕಣಜವನ್ನು ಲೋಕಕ್ಕೆ ತೋರಿಸಿಕೊಟ್ಟವರು ಫ್ರಾನ್ಸಿನ ಕ್ಲೋದ್ ಬರ್ನಾರ್. 1855ರಲ್ಲಿ ಅವರು ಪ್ರಾಣಿಯ ಯಕೃತ್ತಿನ ರಕ್ತನಾಳಗಳಲ್ಲಿ ನೀರು ಹಾಯಿಸಿ, ಸಕ್ಕರೆಯ ಸುಳಿವೂ ಉಳಿಯದಂತೆ ತೊಳೆದಿಟ್ಟರು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! 1857ರಲ್ಲಿ ಅದರ ಮೂಲದ್ರವ್ಯವಾದ ಗ್ಲೈಕೊಜೆನ್ನನ್ನೇ ಬೇರ್ಪಡಿಸಿದರು.

ಆ ಕಣಜದ ಬಾಗಿಲು ತೆರೆಯದಿದ್ದರೆ? 1929ರಲ್ಲಿ ಜರ್ಮನಿಯ ಫಾನ್ ಗೀರ್ಕೆ ಅಂಥ ಮಕ್ಕಳ ರೋಗವನ್ನು ವರ್ಣಿಸಿದರು. ಗ್ಲೈಕೊಜೆನ್ ತುಂಬಿ ಅವರ ಯಕೃತ್ತು ಹಿಗ್ಗಿತ್ತು. ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವದ ಕೊರತೆಯೇ ಇದಕ್ಕೆ ಕಾರಣವೆಂದು 1952ರಲ್ಲಿ ಗರ್ಟಿ ಮತ್ತು ಕಾರ್ಲ್ ಕೋರಿ ದಂಪತಿಗಳು ತೋರಿಸಿದರು. ಇಂಥ ರೋಗಿಗಳು ಬದುಕಿ ದೊಡ್ಡವರಾದಂತೆ ಇನ್ನೊಂದು ಸಂಗತಿ ಬೆಳಕಿಗೆ ಬಂತು: ಹಲವರ ಯಕೃತ್ತಿನಲ್ಲಿ ಗಡ್ಡೆಗಳು, ಕೆಲವರಲ್ಲಿ ಕ್ಯಾನ್ಸರ್. ಕೂಡಿಟ್ಟ ಆಹಾರವು ಕ್ಯಾನ್ಸರಿಗೆ ದಾರಿಯಾಗುವುದು ಹೇಗೆ?

ಉತ್ತರದ ಸುಳಿವು ಬೇರೊಂದು ದಿಕ್ಕಿನಿಂದ ಬಂತು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹನಿಹನಿಯಾಗಿ ನಿಲ್ಲುವುದನ್ನು ತಾವು ಕಂಡಿದ್ದೀರಿ. ಜೀವಕೋಶದೊಳಗೂ ಕೆಲವು ದ್ರವ್ಯಗಳು ಪೊರೆಯ ಹಂಗಿಲ್ಲದೆ ಹೀಗೆ ಹನಿಗೂಡಿ ಬೇರ್ಪಡುತ್ತವೆ. 2009ರಲ್ಲಿ ಬ್ರಾಂಗ್ವಿನ್, ಹೈಮನ್ ಮತ್ತು ಸಂಗಡಿಗರು ಪುಟ್ಟ ದುಂಡುಹುಳುವೊಂದರ ಭ್ರೂಣದಲ್ಲಿ ಇದನ್ನು ತೋರಿಸಿದ ಮೇಲೆ ಈ ವಿದ್ಯಮಾನದತ್ತ ಎಲ್ಲರ ಗಮನ ಹರಿಯಿತು.

2021ರಲ್ಲಿ ಚೀನಾದ ಷಿಯಾಮೆನ್ ವಿಶ್ವವಿದ್ಯಾಲಯದ ಸಂಶೋಧಕರು ‘ಸೆಲ್’ ಪತ್ರಿಕೆಯಲ್ಲಿ ಈ ಎರಡು ಕಥೆಗಳನ್ನು ಬೆಸೆದರು. ಅತಿಯಾಗಿ ಕೂಡಿದ ಗ್ಲೈಕೊಜೆನ್ ಕೂಡ ಹೀಗೆಯೇ ಹನಿಗಟ್ಟುತ್ತದೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಎಂಎಸ್‌ಟಿ1 ಮತ್ತು ಎಂಎಸ್‌ಟಿ2 ಎಂಬ ಪ್ರೋಟೀನುಗಳು, ಲ್ಯಾಫೊರಿನ್ ಎಂಬ ಮತ್ತೊಂದರೊಡನೆ ಕೂಡಿಕೊಂಡು ಆ ಹನಿಯೊಳಗೆ ಸಿಲುಕುತ್ತವೆ. ಕಾವಲುಗಾರರು ಸೆರೆಯಾದೊಡನೆ, ಬೆಳವಣಿಗೆಯನ್ನು ಪ್ರಚೋದಿಸುವ ಯಾಪ್ ಎಂಬ ಪ್ರೋಟೀನು ಅಂಕೆ ಮೀರುತ್ತದೆ. ಇಲಿಗಳಲ್ಲಿ ಗ್ಲೈಕೊಜೆನ್ ಕೂಡದಂತೆ ತಡೆದಾಗ ಗಡ್ಡೆಗಳ ಹುಟ್ಟಿಗೂ ತಡೆ ಬಿತ್ತು.

ಇದನ್ನೋದಿ ಯಾರೂ ಅನ್ನಕ್ಕೆ ಹೆದರಬೇಕಿಲ್ಲ. ಇದು ಬಾಗಿಲು ಕೆಟ್ಟ ಕಣಜದ ಮಾತು. ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ವೈರಾಣು, ಮದ್ಯಪಾನಗಳಂಥ ಪರಿಚಿತ ಕಾರಣಗಳು ಇದ್ದೇ ಇವೆ. ಆದರೆ ಫಾನ್ ಗೀರ್ಕೆ ಕಂಡ ಆ ಮಕ್ಕಳಂಥವರಿಗೆ ತಮ್ಮ ಪಾಡು ಏಕೆಂಬುದಕ್ಕೆ ಒಂದು ಉತ್ತರ ದೊರಕಲು ತೊಂಬತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಈಗ ಆ ಪಾಠ ಮಾಡುವ ಅವಕಾಶವಿದ್ದಿದ್ದರೆ, ಕಣಜದ ಬಳಿ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದೆ.