ಮಾಮೂಲಿ ಆಯಿಲ್ ಬಿಟ್ಟು ಸಿಂಥೆಟಿಕ್: ಕಾರಿನ ಇಂಜಿನ್‌ಗೆ ಯಾವಾಗ ಹಿತ, ಯಾವಾಗ ಬೇಡ?

ಕಾರನ್ನು ಸರ್ವಿಸಿಗೆ ಬಿಟ್ಟಾಗ ವರ್ಕ್‌ಶಾಪಿನವರು ಕೇಳುವ ಪ್ರಶ್ನೆ ಒಂದೇ: "ಮಾಮೂಲಿ ಆಯಿಲ್ ಹಾಕಲೋ, ಸಿಂಥೆಟಿಕ್ ಹಾಕಲೋ?" ಒಬ್ಬ ಮೆಕ್ಯಾನಿಕ್ ಸಿಂಥೆಟಿಕ್ ಹಾಕಿದರೆ ಇಂಜಿನ್ ಬೆಣ್ಣೆಯಂತೆ ಓಡುತ್ತದೆ ಎನ್ನುತ್ತಾನೆ. ಪಕ್ಕದ ಅಂಗಡಿಯವನು ಹಳೆಯ ಗಾಡಿಗೆ ಅದನ್ನು ಹಾಕಿದರೆ ಸೀಲ್ ಹೋಗಿ ಆಯಿಲ್ ಸೋರುತ್ತದೆ ಎಂದು ಹೆದರಿಸುತ್ತಾನೆ. ಡಬ್ಬಿಯ ಮೇಲೆ ಬರೆದಿರುವುದು ಇಂಗ್ಲಿಷಿನಲ್ಲಿ. ಅಂಗಡಿಯಲ್ಲಿ ವಿವರಣೆ ಸಿಗುವುದು ಮಲಯಾಳದಲ್ಲೋ, ತಮಿಳಿನಲ್ಲೋ, ಮರಾಠಿಯಲ್ಲೋ, ತೆಲುಗಿನಲ್ಲೋ. ಮನೆಗೆ ಬಂದು ಯೋಚಿಸಿದರೆ ತಲೆಯಲ್ಲಿ ಉಳಿಯುವುದು ಗೊಂದಲ ಮಾತ್ರ.

ಇದು ಸಣ್ಣ ವಿಷಯವಲ್ಲ. ಕಾಸರಗೋಡಿನ ಒಳಹಳ್ಳಿಯಲ್ಲಿ ನಡುರಾತ್ರಿ ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಲು ಹೊರಡುವುದು ಮನೆಯ ಅಥವಾ ನೆರೆಮನೆಯ ಹಳೆಯ ಕಾರೇ. ಇಂಜಿನ್ ಸೀಜ್ ಆದರೆ ಬಿಚ್ಚಿ ಕೆಲಸ ಮಾಡಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಅದನ್ನು ತಪ್ಪಿಸುವ ಅತಿ ಅಗ್ಗದ ಉಪಾಯವೆಂದರೆ ಸರಿಯಾದ ಆಯಿಲನ್ನು ಸರಿಯಾದ ಹೊತ್ತಿಗೆ ಬದಲಿಸುವುದು.

ಆಯಿಲ್ ಮಾಡುವ ಕೆಲಸ

ಇಂಜಿನ್ ಆಯಿಲ್ ಬರೀ ಜಾರಿಕೆಗೆ ಮಾತ್ರ ಅಲ್ಲ. ಉಜ್ಜಾಡುವ ಭಾಗಗಳ ನಡುವೆ ತೆಳು ಪದರವಾಗಿ ನಿಂತು ಸವೆತ ತಡೆಯುತ್ತದೆ. ಪಿಸ್ಟನ್ ಮತ್ತು ಬೇರಿಂಗ್‌ಗಳ ಬಿಸಿಯನ್ನು ಹೊತ್ತು ಕೆಳಗಿನ ಚೇಂಬರಿಗೆ ತರುತ್ತದೆ. ಮಸಿಯನ್ನು ತನ್ನೊಳಗೆ ತೇಲಿಸಿಕೊಂಡು ಫಿಲ್ಟರಿಗೆ ಒಯ್ಯುತ್ತದೆ. ತುಕ್ಕು ಹಿಡಿಯದಂತೆ ಕಾಯುತ್ತದೆ. ಡಬ್ಬಿಯಲ್ಲಿರುವ ಆಯಿಲಿನ ಬಹುಪಾಲು ಮೂಲ ತೈಲ, ಉಳಿದದ್ದು ಕೊಳೆ ತೆಗೆಯುವ, ಸವೆತ ತಡೆಯುವ, ನೊರೆ ಬಾರದಂತೆ ಮಾಡುವ ರಾಸಾಯನಿಕಗಳು. ಮಾಮೂಲಿ ಆಯಿಲಿಗೂ ಸಿಂಥೆಟಿಕ್‌ಗೂ ಮುಖ್ಯ ವ್ಯತ್ಯಾಸ ಇರುವುದು ಈ ಮೂಲ ತೈಲದಲ್ಲಿ.

ಸಿಂಥೆಟಿಕ್ ಎಂದರೆ ಏನು?

ಮಾಮೂಲಿ ಅಥವಾ ಮಿನರಲ್ ಆಯಿಲನ್ನು ಕಚ್ಚಾ ತೈಲದಿಂದ ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಅದರಲ್ಲಿ ಸಣ್ಣ, ದೊಡ್ಡ, ನಾನಾ ಆಕಾರದ ಅಣುಗಳು ಬೆರೆತಿರುತ್ತವೆ, ಸ್ವಲ್ಪ ಗಂಧಕ ಮತ್ತು ಮೇಣವೂ ಉಳಿಯುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಬೇಕಾದಂತೆ ಜೋಡಿಸುತ್ತಾರೆ ಅಥವಾ ಒಡೆದು ಮರುರೂಪಿಸುತ್ತಾರೆ. ಆದ್ದರಿಂದ ಅವು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ.

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಮೂಲ ತೈಲಗಳನ್ನು 5 ಗುಂಪುಗಳಾಗಿ ವಿಂಗಡಿಸಿದೆ. 1 ಮತ್ತು 2ನೇ ಗುಂಪಿನವು ಮಿನರಲ್. 3ನೆಯದು ಜಲಜನಕದ ನೆರವಿನಿಂದ ತೀವ್ರವಾಗಿ ಸಂಸ್ಕರಿಸಿದ ಕಚ್ಚಾ ತೈಲದ್ದು. 4ನೆಯದು ಪಾಲಿಆಲ್ಫಾಓಲಿಫಿನ್ ಎಂಬ ಸಂಪೂರ್ಣ ಕೃತಕ ತೈಲ. ಎಸ್ಟರ್ ಮುಂತಾದವು 5ನೇ ಗುಂಪಿನಲ್ಲಿವೆ. 3ನೇ ಗುಂಪಿನದನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂಬ ಬಗ್ಗೆ ಎರಡು ದೊಡ್ಡ ತೈಲ ಕಂಪನಿಗಳ ನಡುವೆ ಅಮೆರಿಕದಲ್ಲಿ ತಕರಾರು ಎದ್ದಿತ್ತು. ಅಲ್ಲಿನ ಜಾಹೀರಾತು ಪರಿಶೀಲನಾ ವಿಭಾಗ 1999ರಲ್ಲಿ ಕರೆಯಬಹುದು ಎಂದಿತು. ಹೀಗಾಗಿ ‘ಸಿಂಥೆಟಿಕ್’ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ಮೂಲ ತೈಲಗಳು ಇರಬಹುದು. ‘ಸೆಮಿ ಸಿಂಥೆಟಿಕ್’ ಎಂದರೆ ಮಿನರಲ್ ಮತ್ತು ಸಿಂಥೆಟಿಕ್ ಎರಡರ ಮಿಶ್ರಣ.

ವಿಮಾನದ ಜೆಟ್ ಇಂಜಿನ್‌ಗಳಲ್ಲಿ ಬಹಳ ಹಿಂದಿನಿಂದಲೂ ಸಿಂಥೆಟಿಕ್ ತೈಲವೇ ಬಳಕೆಯಲ್ಲಿದೆ. ಕಾರುಗಳಿಗೆ ಇದು ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ಕಾಲೂರಿದ್ದು 1970ರ ದಶಕದಲ್ಲಿ. ಮೊಬಿಲ್ 1 ಅಮೆರಿಕದಲ್ಲಿ ಬಿಡುಗಡೆಯಾದದ್ದು 1974ರಲ್ಲಿ.

ಡಬ್ಬಿಯ ಮೇಲಿನ ಅಂಕೆಗಳು

20ಡಬ್ಲ್ಯು-40, 5ಡಬ್ಲ್ಯು-30 ಎಂಬ ಬರಹ ಆಯಿಲಿನ ದಪ್ಪವನ್ನು ತಿಳಿಸುತ್ತದೆ. ಡಬ್ಲ್ಯು ಎಂದರೆ ವಿಂಟರ್, ಅಂದರೆ ಚಳಿಗಾಲ. ಡಬ್ಲ್ಯು ಜತೆಗಿನ ಅಂಕೆ ಕಡಿಮೆ ಇದ್ದಷ್ಟೂ ತಣ್ಣಗಿರುವ ಇಂಜಿನ್‌ನಲ್ಲಿ ಆಯಿಲ್ ಬೇಗ ಹರಿಯುತ್ತದೆ. ಕೊನೆಯ ಅಂಕೆ ಇಂಜಿನ್ ಬಿಸಿಯಾದಾಗಿನ ದಪ್ಪ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ.

ಇಲ್ಲಿಯೇ ಅನೇಕರು ಎಡವುವುದು. ಕೈಪಿಡಿಯಲ್ಲಿ 20ಡಬ್ಲ್ಯು-40 ಎಂದಿರುವ ಹಳೆಯ ಕಾರಿಗೆ ‘ಸಿಂಥೆಟಿಕ್ ಒಳ್ಳೆಯದು’ ಎಂದು 0ಡಬ್ಲ್ಯು-20 ಹಾಕಿದರೆ ಬಿಸಿ ಇಂಜಿನ್‌ಗೆ ಅದು ತೀರಾ ತೆಳು. ಆಯಿಲ್ ಪ್ರೆಶರ್ ಇಳಿಯುತ್ತದೆ. ಅಂಥ ಕಾರಿನವರು ಸಿಂಥೆಟಿಕ್‌ಗೆ ಹೋಗುವುದಾದರೆ ಕೊನೆಯ ಅಂಕೆ 40 ಇರುವ 5ಡಬ್ಲ್ಯು-40ರಂಥದ್ದನ್ನು, ಕೈಪಿಡಿ ಒಪ್ಪಿದರೆ, ಆರಿಸಬಹುದು. ಇದಕ್ಕೆ ವಿರುದ್ಧವಾಗಿ 0ಡಬ್ಲ್ಯು-20 ಬೇಡುವ ಹೊಸ ಪೆಟ್ರೋಲ್ ಕಾರಿಗೆ ದಪ್ಪದ 20ಡಬ್ಲ್ಯು-40 ಹಾಕುವುದೂ ತಪ್ಪು. ಆಯಿಲಿನ ಜಾತಿಗಿಂತ ಗ್ರೇಡ್ ಮುಖ್ಯ ಎಂಬುದನ್ನು ನೆನಪಿಡಬೇಕು.

ಪೆಟ್ರೋಲ್ ಕಾರಿನ ಡಬ್ಬಿಯಲ್ಲಿ ಎಪಿಐ ಎಸ್‌ಎನ್, ಎಸ್‌ಪಿ ಎಂಬ ಅಕ್ಷರಗಳಿರುತ್ತವೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಮಾನದಂಡ ಹೊಸದು. ಎಸ್‌ಪಿ ಜಾರಿಗೆ ಬಂದದ್ದು 2020ರಲ್ಲಿ. ದೇಶದಾದ್ಯಂತ ಬಿಎಸ್-6 ನಿಯಮ ಜಾರಿಯಾದದ್ದು 2020ರ ಏಪ್ರಿಲ್ 1ರಿಂದ. ಆ ಬಳಿಕದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ವಿಶೇಷ ಆಯಿಲೇ ಬೇಕು. ಮಸಿ ಉರಿದು ಹೋಗುತ್ತದೆ, ಆದರೆ ಬೂದಿ ಉರಿಯುವುದಿಲ್ಲ. ಅದು ಫಿಲ್ಟರಿನಲ್ಲೇ ಕಟ್ಟಿಕೊಳ್ಳುತ್ತದೆ.

ನಮ್ಮ ಘಾಟಿ, ನಮ್ಮ ಬಿಸಿಲು

ಸಿಂಥೆಟಿಕ್‌ನ ಲಾಭ ಎದ್ದು ಕಾಣುವುದು ಎರಡು ಕಡೆ. ಮೊದಲನೆಯದು ಚಳಿ. ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಹಿಮ ಬೀಳುವ ಮುಂಜಾನೆ ಸ್ಟಾರ್ಟ್ ಮಾಡಿದಾಗ ತೆಳುವಾಗಿ ಹರಿಯುವ ಆಯಿಲ್ ಮೇಲಿನ ಭಾಗಗಳಿಗೆ ಬೇಗ ತಲುಪುತ್ತದೆ. ಸವೆತ ಹೆಚ್ಚಾಗಿ ಆಗುವುದೇ ಆ ಮೊದಲ ಕ್ಷಣಗಳಲ್ಲಿ.

ಎರಡನೆಯದು ಬಿಸಿ. ತಾಳವಾಡಿ ಹಾದಿಯ ದಿಂಬಂ ಘಾಟಿಯ 27 ತಿರುವುಗಳನ್ನೋ, ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿಯ 36 ತಿರುವುಗಳನ್ನೋ, ವಯನಾಡಿನ ತಾಮರಶೇರಿ ಚುರವನ್ನೋ ಪೂರ್ತಿ ಲೋಡಿನಲ್ಲಿ ಕೆಳಗಿನ ಗೇರಿನಲ್ಲಿ ಹತ್ತುವಾಗ ಇಂಜಿನ್ ಕಾಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಬೇಸಿಗೆಯಲ್ಲಿ ಬಿಸಿಲೇ 40 ಡಿಗ್ರಿ ದಾಟುತ್ತದೆ. ಇಂಥಲ್ಲಿ ಮಿನರಲ್ ಆಯಿಲ್ ಬೇಗ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗಿ ಕಪ್ಪು ಜಿಗುಟಾಗುತ್ತದೆ. ಸಿಂಥೆಟಿಕ್ ಹೆಚ್ಚು ಹೊತ್ತು ತಾಳುತ್ತದೆ. ಟರ್ಬೊ ಇರುವ ಇಂಜಿನ್‌ಗಂತೂ ಇದು ಅಗತ್ಯವೆಂದೇ ಹೇಳಬೇಕು. ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದರ ಬೇರಿಂಗ್‌ಗೆ ಆಧಾರ ಈ ಆಯಿಲ್ ಪದರವೇ.

ಊರೊಳಗೆ ನಿಧಾನವಾಗಿ ಓಡುವ, ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಕಾರಿಗೆ ಇದೇ ಪ್ರಮಾಣದ ಲಾಭವಿಲ್ಲ. ಹೊತ್ತಿಗೆ ಸರಿಯಾಗಿ ಬದಲಿಸಿದ ಮಿನರಲ್ ಆಯಿಲೇ ಅದಕ್ಕೆ ಸಾಕು.

ಕೆಲವು ತಪ್ಪು ತಿಳಿವಳಿಕೆಗಳು

ಒಮ್ಮೆ ಸಿಂಥೆಟಿಕ್ ಹಾಕಿದರೆ ಹಿಂದಿರುಗುವಂತಿಲ್ಲ ಎಂಬುದು ಸುಳ್ಳು. ಗ್ರೇಡ್ ಸರಿಯಿದ್ದರೆ ಯಾವಾಗ ಬೇಕಾದರೂ ಮಾಮೂಲಿ ಆಯಿಲಿಗೆ ಮರಳಬಹುದು.

ಎರಡೂ ಬೆರೆತರೆ ಮೊಸರಿನಂತೆ ಒಡೆಯುತ್ತದೆ ಎಂಬುದೂ ಸುಳ್ಳು. ಎಪಿಐ ಮಾನದಂಡದ ಆಯಿಲ್‌ಗಳು ಒಂದಕ್ಕೊಂದು ಬೆರೆಯುವಂತೆಯೇ ತಯಾರಾಗುತ್ತವೆ. ದಾರಿಯಲ್ಲಿ ಆಯಿಲ್ ಕಡಿಮೆಯಾದರೆ ಸಿಕ್ಕಿದ್ದನ್ನು ಟಾಪ್ ಅಪ್ ಮಾಡಿ ಊರು ಸೇರುವುದೇ ಜಾಣತನ. ಆಯಿಲ್ ಇಲ್ಲದೆ ಓಡಿಸುವುದು ಅದಕ್ಕಿಂತ ಎಷ್ಟೋ ಕೆಟ್ಟದ್ದು.

ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಮಾತಿಗೆ ಹಿಂದೊಮ್ಮೆ ಆಧಾರವಿತ್ತು. 1970ರ ದಶಕದ ಕೆಲವು ಸಿಂಥೆಟಿಕ್‌ಗಳು ಅಂದಿನ ರಬ್ಬರ್ ಸೀಲ್‌ಗಳಿಗೆ ಹೊಂದುತ್ತಿರಲಿಲ್ಲ. ಈಗಿನ ಆಯಿಲ್‌ಗಳಲ್ಲಿ ಆ ತೊಂದರೆ ಇಲ್ಲ. ಆದರೆ ಸೀಲ್ ಮೊದಲೇ ಒಣಗಿ ಬಿರಿದಿದ್ದು, ಆ ಬಿರುಕನ್ನು ಹಳೆಯ ಜಿಡ್ಡು ಮುಚ್ಚಿಕೊಂಡಿದ್ದರೆ, ಹೊಸ ಆಯಿಲ್ ಆ ಜಿಡ್ಡನ್ನು ಕರಗಿಸಿದಾಗ ಸೋರಿಕೆ ಬಯಲಿಗೆ ಬರುತ್ತದೆ. ದೋಷ ಸೀಲಿನದು, ಆಯಿಲಿನದಲ್ಲ.

ಬದಲಿಸುವ ಕ್ರಮ

ಮೊದಲು ಇಂಜಿನ್‌ನ ಸ್ಥಿತಿ ನೋಡಬೇಕು. ಆಯಿಲ್ ಹಾಕುವ ಮುಚ್ಚಳ ತೆರೆದಾಗ ಒಳಗೆ ದಪ್ಪ ಕಪ್ಪು ಜಿಡ್ಡು ಕಂಡರೆ, ನೀಲಿ ಹೊಗೆ ಬರುತ್ತಿದ್ದರೆ, ಪದೇ ಪದೇ ಟಾಪ್ ಅಪ್ ಬೇಕಾಗುತ್ತಿದ್ದರೆ ದುಬಾರಿ ಆಯಿಲ್ ಹಾಕಿ ಪ್ರಯೋಜನವಿಲ್ಲ. ಸವೆದ ಪಿಸ್ಟನ್ ರಿಂಗನ್ನು ಯಾವ ಆಯಿಲೂ ಸರಿಮಾಡದು. ಸೋರಿಕೆ ಇದ್ದರೆ ಮೊದಲು ಸೀಲ್, ಗ್ಯಾಸ್ಕೆಟ್ ಬದಲಿಸಬೇಕು.

ಸ್ಥಿತಿ ಚೆನ್ನಾಗಿದ್ದರೆ ಇಂಜಿನ್ ತುಸು ಬಿಸಿ ಇರುವಾಗ, ಸಮತಟ್ಟಾದ ಜಾಗದಲ್ಲಿ, ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯ ಆಯಿಲನ್ನು ಪೂರ್ತಿ ಇಳಿಸಬೇಕು. ಬೋಲ್ಟಿನ ವಾಷರ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಹೊಸದಾಗಿ ಹಾಕಬೇಕು. ಒಳಗೆ ಉಳಿಯುವ ಅಲ್ಪಸ್ವಲ್ಪ ಹಳೆಯ ಆಯಿಲಿನಿಂದ ತೊಂದರೆಯಿಲ್ಲ. ಫ್ಲಶ್ ಮಾಡಿಸಲೇಬೇಕೆಂದಿಲ್ಲ. ಜಿಡ್ಡು ಕಟ್ಟಿದ ಇಂಜಿನ್‌ಗೆ ಫ್ಲಶ್ ಹಾಕಿದರೆ ಒಮ್ಮೆಲೇ ಕಳಚಿದ ಜಿಡ್ಡು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕೈಪಿಡಿ ಹೇಳಿದಷ್ಟೇ ಆಯಿಲ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿಯಲ್ಲಿ ಮಟ್ಟ ನೋಡಬೇಕು. ಮೇಲಿನ ಗುರುತು ದಾಟಬಾರದು.

ಹಳೆಯ ಕಾರಾದರೆ ಮೊದಲ ಸಲ ವಾಯಿದೆಯ ಅರ್ಧಕ್ಕೇ ಆಯಿಲ್, ಫಿಲ್ಟರ್ ಬದಲಿಸುವುದು ಕ್ಷೇಮ. ಆ ಅವಧಿಯಲ್ಲಿ ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡುತ್ತಿರಬೇಕು. ಓಡುವಾಗ ಕೆಂಪು ಆಯಿಲ್ ದೀಪ ಹೊತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು.

ಖರ್ಚಿನ ಲೆಕ್ಕ

3 ಲೀಟರ್ ಆಯಿಲ್ ಹಿಡಿಯುವ ಸಣ್ಣ ಕಾರಿನ ಉದಾಹರಣೆ ತೆಗೆದುಕೊಳ್ಳಬಹುದು. ಮಾಮೂಲಿ ಆಯಿಲ್ ಲೀಟರಿಗೆ 350 ರೂ., ಸಿಂಥೆಟಿಕ್ 750 ರೂ., ಫಿಲ್ಟರ್ 150 ರೂ. ಎಂದಿಟ್ಟುಕೊಂಡರೆ ಮಾಮೂಲಿ ಬದಲಾವಣೆಗೆ 1,200 ರೂ., ಸಿಂಥೆಟಿಕ್‌ಗೆ 2,400 ರೂ. ಆಗುತ್ತದೆ. ಮಾಮೂಲಿಯನ್ನು 5,000 ಕಿ.ಮೀ.ಗೆ, ಸಿಂಥೆಟಿಕ್ ಅನ್ನು 10,000 ಕಿ.ಮೀ.ಗೆ ಬದಲಿಸುವುದಾದರೆ ಖರ್ಚು ಸರಿಸಮ. ದಿನವೂ ದೂರ ಓಡುವವರಿಗೆ ನಷ್ಟವಿಲ್ಲ.

ಆದರೆ ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡುವ ಕಾರಿಗೆ ಲೆಕ್ಕ ಬೇರೆ. ಓಡಲಿ, ಬಿಡಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಹತ್ತಿರದ ಓಡಾಟದಲ್ಲಿ ನೀರಿನಂಶ ಮತ್ತು ಇಂಧನ ಆಯಿಲಿನಲ್ಲಿ ಸೇರಿಕೊಳ್ಳುತ್ತವೆ. ಅಂಥವರಿಗೆ ಸಿಂಥೆಟಿಕ್ ಎಂದರೆ ಇಮ್ಮಡಿ ಖರ್ಚು. ಇನ್ನು, ಸಿಂಥೆಟಿಕ್ ಹಾಕಿದೆವೆಂದು ಕೈಪಿಡಿಯ ವಾಯಿದೆಯನ್ನು ಮೀರುವಂತಿಲ್ಲ. ವಾರಂಟಿ ಇರುವ ಕಾರಿನವರು ಬಿಲ್ ಇಟ್ಟುಕೊಂಡು ಕಿ.ಮೀ. ಬರೆಸಿಕೊಳ್ಳಬೇಕು.

ದುಬಾರಿ ಆಯಿಲ್ ಎಂದ ಮೇಲೆ ನಕಲಿಯೂ ಇರುತ್ತದೆ. ಖಾಲಿ ಡಬ್ಬಿಗೆ ಬೇರೆ ಆಯಿಲ್ ತುಂಬಿ ಮಾರುವವರಿದ್ದಾರೆ. ಸೀಲ್ ನೋಡಿ, ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ನೋಡಿ, ಬಿಲ್ ಪಡೆದು ಕೊಳ್ಳಬೇಕು. ಎದುರಿಗೇ ಡಬ್ಬಿ ಒಡೆಸಿ ಹಾಕಿಸುವುದು ಒಳ್ಳೆಯದು. ಖಾಲಿಯಾದ ಡಬ್ಬಿಗೆ ತೂತು ಮಾಡಿ ಬಿಟ್ಟರೆ ಅದು ಮತ್ತೆ ನಕಲಿಗೆ ಬಳಕೆಯಾಗದು. ಮಿಕ್ಕಿದ ಕಾರಿನ ಆಯಿಲನ್ನು ಬೈಕಿಗೆ ಸುರಿಯಬಾರದು. ಬಹುತೇಕ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಅದು ಜಾರತೊಡಗುತ್ತದೆ.

ಇಳಿಸಿದ ಕರಿ ಆಯಿಲ್ ಎಲ್ಲಿಗೆ?

ಕಾಸರಗೋಡು ಕಡೆ ‘ಕರಿ ಓಯಿಲ್’ ಎನ್ನುವ ಈ ಹಳೆಯ ಆಯಿಲನ್ನು ಗೆದ್ದಲು ಬಾರದಿರಲೆಂದು ಬೇಲಿಯ ಗೂಟಕ್ಕೆ ಬಳಿಯುವ ರೂಢಿಯಿದೆ. ಉಳಿದದ್ದು ತೋಡಿಗೋ, ತೋಟದ ಮೂಲೆಗೋ ಹೋಗುತ್ತದೆ. ಅದರಲ್ಲಿ ಭಾರ ಲೋಹಗಳೂ ಕ್ಯಾನ್ಸರ್ ತರಬಲ್ಲ ಅಂಶಗಳೂ ಇರುತ್ತವೆ. ಮಳೆಗೆ ತೊಳೆದು ಮಣ್ಣಿಗಿಳಿದರೆ ಬಾವಿಯ ನೀರು ಕೆಡುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಇದನ್ನು ಮರುಬಳಕೆಗೆ ಒಳಪಡಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಲಾಗಿದೆ. ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಬೇಕು. ಸಿಂಥೆಟಿಕ್ ಆದರೂ ಇದೇ ನಿಯಮ.

ಒಟ್ಟಿನಲ್ಲಿ, ಟರ್ಬೊ ಕಾರು, ಘಾಟಿ ಹತ್ತುವ ಕಾರು, ಹೆಚ್ಚು ದೂರ ಓಡುವ ಕಾರು ಇವುಗಳಿಗೆ ಸಿಂಥೆಟಿಕ್ ತಕ್ಕುದು. ಪೇಟೆಗೂ ತೋಟಕ್ಕೂ ಓಡಾಡುವ ಹಳೆಯ ಕಾರಿಗೆ ಮಾಮೂಲಿ ಆಯಿಲ್ ಸಾಕು. ಯಾವುದೇ ಇರಲಿ, ಕೈಪಿಡಿಯ ಗ್ರೇಡ್, ಹೊಸ ಫಿಲ್ಟರ್, ತಪ್ಪದ ವಾಯಿದೆ ಈ ಮೂರನ್ನು ಪಾಲಿಸಿದವರ ಕಾರು ನಡುರಾತ್ರಿ ಕೀಲಿ ತಿರುವಿದಾಗಲೂ ಕೈಕೊಡುವ ಸಂಭವ ಕಡಿಮೆ.