ಬೇಗಡೆ, ಗೂಡುದೀಪ, ಟಿಶ್ಯೂ ಕಾಗದ: ಅಂಟಿಸಿ ಮಾಡುವ ಚಿತ್ರದ ಹಿನ್ನೆಲೆ

ಕೊಲಾಜ್ ಚಿತ್ರದ ಚರಿತ್ರೆಯನ್ನು ಸಾಮಾನ್ಯವಾಗಿ 1912ರಿಂದ ಆರಂಭಿಸುತ್ತಾರೆ. ಆ ವರ್ಷ ಪಿಕಾಸೋ ಬೆತ್ತದ ಹೆಣಿಗೆಯ ಅಚ್ಚಿದ್ದ ಎಣ್ಣೆಬಟ್ಟೆಯನ್ನು ಕ್ಯಾನ್‌ವಾಸಿಗೆ ಅಂಟಿಸಿದ. ಸೆಪ್ಟೆಂಬರಿನಲ್ಲಿ ಬ್ರಾಕ್ ಮರದ ನಾರುಗೆರೆಗಳ ಅಚ್ಚಿದ್ದ ಗೋಡೆಕಾಗದವನ್ನು ಇದ್ದಿಲ ರೇಖೆಗಳ ನಡುವೆ ತಂದ. ನಮ್ಮಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಕಳೆದುಕೊಂಡ ಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು. ಇವೆಲ್ಲ ಬೆಳಕು ದಾಟದ ವಸ್ತುಗಳು. ಟಿಶ್ಯೂ ಕಾಗದದ ಚಿತ್ರಕ್ಕಾದರೋ ಬೆಳಕು ದಾಟುವುದೇ ಜೀವಾಳ. ಅದರ ಹಿನ್ನೆಲೆ ಹುಡುಕಲು ಪ್ಯಾರಿಸ್ಸಿಗಿಂತ ಸಂಪಾಜೆ ಘಾಟಿಯ ಬುಡದ ಕಲ್ಲುಗುಂಡಿಯಂಥ ಊರು ಹೆಚ್ಚು ನೆರವಾಗುತ್ತದೆಂಬುದು ನನ್ನ ವಾದ.

ಕಲ್ಲುಗುಂಡಿ ಯಕ್ಷಗಾನದ ಊರು. ತೆಂಕುತಿಟ್ಟಿನ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಕೆತ್ತಿ, ಮೇಲೆ ಹೊಳೆಯುವ ಬೇಗಡೆ ಹಾಳೆ ಅಂಟಿಸಿ, ನಡುನಡುವೆ ಕನ್ನಡಿ ಚೂರು ಕೂರಿಸುತ್ತಾರೆ. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಚಿಟ್ಟಿ ಇಡುವುದೂ ಬಣ್ಣದ ಮೇಲೆ ಇನ್ನೊಂದು ವಸ್ತುವನ್ನು ಎತ್ತರಿಸುವ ಕೆಲಸವೇ. ಮೈಸೂರು ಶೈಲಿಯ ಚಿತ್ರಗಳಲ್ಲಿ ಸಣ್ಣಗೆ ಉಬ್ಬಿಸಿದ ಲೇಪದ ಮೇಲೆ ಚಿನ್ನದ ರೇಕು ಕೂರಿಸುವ ಕ್ರಮವೂ ಇದೇ ಜಾತಿಯದು. ಆದರೆ ಬೇಗಡೆಯಾಗಲಿ ರೇಕಾಗಲಿ ಬೆಳಕನ್ನು ಒಳಗೆ ಬಿಡುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ.

ಇದಕ್ಕೆ ತೀರಾ ಎದುರು ನಿಲ್ಲುವುದು ದೀಪಾವಳಿಯ ಗೂಡುದೀಪ. ಬಿದಿರಿನ ಕಡ್ಡಿ ಸೀಳಿ ಕಟ್ಟಿದ ಚೌಕಟ್ಟಿಗೆ ತೆಳು ಕಾಗದ ಅಂಟಿಸಿದಾಗ ಹಗಲಿನಲ್ಲಿ ಕಾಣುವುದು ಒಂದು ಬಣ್ಣ, ದೀಪ ಹಚ್ಚಿದ ಮೇಲೆ ಇನ್ನೊಂದು. ಹಳದಿಯ ಅಂಚಿಗೆ ನೀಲಿಯ ಅಂಚು ಬಿದ್ದ ಕಡೆ, ಯಾರೂ ಬಳಿಯದ ಹಸಿರು ಪಟ್ಟಿಯೊಂದು ಮೂಡುತ್ತದೆ. ಎರಡು ಪದರ ಸೇರಿ ಮೂರನೆಯ ಬಣ್ಣವಾಗುವುದನ್ನು ಕರಾವಳಿಯ ಮಕ್ಕಳು ಚಿತ್ರದ ತರಗತಿಗೆ ಮುಂಚೆಯೇ ಜಗಲಿಯಲ್ಲಿ ಕಲಿತಿರುತ್ತಾರೆ. ಈ ಅರಿವನ್ನು ನಮ್ಮ ಕಲಾಚರಿತ್ರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಟಿಶ್ಯೂ ಚಿತ್ರ ಇವೆರಡರ ನಡುವಿನದು. ಬೆಳಕು ಕಾಗದವನ್ನು ದಾಟಿ, ಅಡಿಯ ಬಿಳಿ ರಟ್ಟಿಗೆ ತಾಗಿ, ಅದೇ ಪದರಗಳ ಮೂಲಕ ಮರಳಿ ಕಣ್ಣಿಗೆ ಬರುತ್ತದೆ. ಕಾಗದ ಚದರ ಮೀಟರಿಗೆ ಸುಮಾರು 20 ಗ್ರಾಂ ಮಾತ್ರ ತೂಗುವುದರಿಂದ ಅಂಟು ತಾಗಿದೊಡನೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಬಣ್ಣ ಅಂಚಿನಾಚೆ ಹರಿಯುತ್ತದೆ. ಕತ್ತರಿಗಿಂತ ಕೈಯಲ್ಲಿ ಹರಿದ ಅಂಚು ಇಲ್ಲಿ ಲೇಸು, ಏಕೆಂದರೆ ನಾರು ಬಿಚ್ಚಿಕೊಂಡ ಕಡೆ ಬಣ್ಣ ತೆಳುವಾಗಿ ಪಕ್ಕದ ಬಣ್ಣಕ್ಕೆ ಕೂಡುತ್ತದೆ. ಬೆಟ್ಟದ ಸಾಲು, ಪಯಸ್ವಿನಿ ಹೊಳೆಯ ಮೇಲಿನ ಮಂಜು ಬಿಡಿಸುವವರಿಗೆ ಈ ಗುಣ ದೊಡ್ಡ ವರ. ಸುಕ್ಕನ್ನು ಬೆರಳಿನಿಂದ ಒತ್ತಿ ಬಿಡಿಸುವುದೋ, ತೊಗಟೆಯ ಗೆರೆಯಾಗಿ ಉಳಿಸುವುದೋ ಎಂಬ ತೀರ್ಮಾನ ಅಂಟು ಹಸಿಯಾಗಿರುವಷ್ಟರಲ್ಲೇ ಆಗಬೇಕು. ಒಣಗಿದ ಮೇಲೆ ಶಾಯಿ, ಅಕ್ರಿಲಿಕ್, ಪೇಸ್ಟಲ್‌ಗಳ ಸರದಿ.

ಅಂಟಿನ ವಿಷಯದಲ್ಲಿ ಈ ಪ್ರದೇಶಕ್ಕೆ ತನ್ನದೇ ತೊಡಕಿದೆ. ಬರೀ ಮೈದಾ ಅಂಟು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ಹುಳುವನ್ನೂ ಕರೆಯುತ್ತದೆ. ಪುಸ್ತಕ ಹೊಲಿಯುವವರು ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣದಲ್ಲಿ ಸುಣ್ಣದೊಂದಿಗೆ ಸೇರುವುದೂ ಅದೇ ಮೈಲುತುತ್ತು. ಆದರೆ ಚಿತ್ರಕ್ಕೆ ಅದರ ನೀಲಿ ಛಾಯೆ ಆಗಿಬರುವುದಿಲ್ಲ. ಒಣಗಿದಾಗ ಪಾರದರ್ಶಕವಾಗುವ ಅಕ್ರಿಲಿಕ್ ಮಾಧ್ಯಮವೇ ಯೋಗ್ಯ.

ಉಳಿದದ್ದು ಬಾಳಿಕೆಯ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಬಣ್ಣದ ಟಿಶ್ಯೂ ಬಿಸಿಲಿಗೆ ಬೇಗ ಮಾಸುತ್ತದೆ. ಒಂದು ಹಬ್ಬಕ್ಕೆ ಮುಗಿಯುವ ಗೂಡುದೀಪಕ್ಕೆ ಅದು ಕೊರತೆಯೇ ಅಲ್ಲ, ಗೋಡೆಯಲ್ಲಿ ಉಳಿಯಬೇಕಾದ ಚಿತ್ರಕ್ಕೆ ಕೊರತೆ. 1969ರಲ್ಲಿ ಹಸಿದ ಕಂಬಳಿಹುಳುವಿನ ಮಕ್ಕಳ ಪುಸ್ತಕ ತಂದ ಅಮೆರಿಕದ ಎರಿಕ್ ಕಾರ್ಲ್, ಬಿಳಿ ಟಿಶ್ಯೂಗೆ ತಾವೇ ಅಕ್ರಿಲಿಕ್ ಬಳಿದು, ಒಣಗಿಸಿ, ಕತ್ತರಿಸಿ ಅಂಟಿಸುವ ಕ್ರಮವನ್ನು ರೂಢಿಸಿಕೊಂಡಿದ್ದರು. ಸುಳ್ಯ, ಪುತ್ತೂರು ಕಡೆಯ ಚಿತ್ರಕಾರರಿಗೂ ನಾನು ಸೂಚಿಸುವುದು ಅದೇ ಕ್ರಮವನ್ನು.