ಜನರನ್ನು ಕೇಳಿದವರು ಯಾರು?

ಸಿನಿಮಾ ಉದ್ಯಮದವರ ಬಳಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: “ಜನ ಏನು ಕೇಳುತ್ತಾರೋ ಅದನ್ನೇ ನಾವು ಕೊಡುತ್ತೇವೆ.” ಹೊಡೆದಾಟ ಬಡಿದಾಟ ಹೆಚ್ಚಾಯಿತೆಂದು ಆಕ್ಷೇಪಿಸಿದರೆ ಇದೇ ಉತ್ತರ. ಹೆಣ್ಣನ್ನು ಕೀಳಾಗಿ ಚಿತ್ರಿಸಿದ್ದೀರೆಂದರೆ ಇದೇ ಉತ್ತರ. ಒಂದು ಸಮುದಾಯವನ್ನು ವರ್ಷಾನುಗಟ್ಟಲೆ ಒಂದೇ ವೇಷದಲ್ಲಿ ನಿಲ್ಲಿಸಿರುವುದೇಕೆಂದು ಕೇಳಿದರೂ ಇದೇ ಉತ್ತರ. ಗಲ್ಲಾಪೆಟ್ಟಿಗೆ ತುಂಬಿತೆಂದರೆ ಅಲ್ಲಿಗೆ ವಾದ ಮುಗಿಯಿತು. ಆದರೆ ಜನರನ್ನು ಕೇಳಿದವರು ಯಾರು? ಯಾವಾಗ ಕೇಳಿದರು? ಕೇಳುವ ಮೊದಲು ಅವರ ಮುಂದೆ ಇಟ್ಟದ್ದಾದರೂ ಏನನ್ನು? ಹಿಂದಿ ಚಿತ್ರರಂಗದ ಒಂದು ಕಾಲಘಟ್ಟದ ಇತಿಹಾಸ ಈ ಪ್ರಶ್ನೆಗಳಿಗೆ ಬಹಳ ಸ್ಪಷ್ಟವಾದ ಉತ್ತರ ಕೊಡುತ್ತದೆ. ಆ ಇತಿಹಾಸದ ಒಂದು ಮುಖ್ಯ ಘಟನೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರಾದ ನಾವೇ ಹೆಚ್ಚಾಗಿ ನೆನಪಿಸಿಕೊಂಡಿಲ್ಲ.

ನವಾಬರ ಕಾಲ

1960ರ ಆಗಸ್ಟ್ 5ರಂದು ಮುಂಬೈಯ ಮರಾಠಾ ಮಂದಿರದಲ್ಲಿ ಕೆ. ಆಸಿಫ್ ಅವರ ‘ಮುಘಲ್-ಎ-ಆಝಂ’ ತೆರೆಕಂಡಿತು. ವರ್ಷಗಟ್ಟಲೆ ಚಿತ್ರೀಕರಣ, ನೀರಿನಂತೆ ಹರಿದ ಹಣ, ಅರಮನೆಯಂಥ ಸೆಟ್ಟುಗಳು. ಹದಿನೈದು ವರ್ಷಗಳ ನಂತರ ‘ಶೋಲೆ’ ಬರುವವರೆಗೆ ಗಳಿಕೆಯಲ್ಲಿ ಅದನ್ನು ಮೀರಿಸಿದ ಹಿಂದಿ ಚಿತ್ರವಿರಲಿಲ್ಲ. ಅದೇ ವರ್ಷ ಗುರುದತ್ ನಿರ್ಮಿಸಿ, ಎಂ. ಸಾದಿಕ್ ನಿರ್ದೇಶಿಸಿದ ‘ಚೌದವೀಂ ಕಾ ಚಾಂದ್’ ಬಂತು. ಲಕ್ನೋದ ಬೀದಿಗಳು, ಬುರ್ಖಾ ಸರಿದಾಗ ಒಂದು ಕ್ಷಣ ಕಂಡ ಮುಖ, ಒಬ್ಬಳೇ ಹೆಣ್ಣನ್ನು ತಿಳಿಯದೆ ಪ್ರೀತಿಸುವ ಇಬ್ಬರು ಗೆಳೆಯರು. ಹಿಂದಿನ ವರ್ಷ ‘ಕಾಗಝ್ ಕೆ ಫೂಲ್’ ಸೋತು ಗುರುದತ್ ಕುಸಿದಿದ್ದರು. ಅವರ ಸಂಸ್ಥೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಈ ಚಿತ್ರ. 1963ರಲ್ಲಿ ಬಂದ ಎಚ್.ಎಸ್. ರವೈಲ್ ಅವರ ‘ಮೇರೆ ಮೆಹಬೂಬ್’ ಆ ವರ್ಷದ ಅತಿದೊಡ್ಡ ಯಶಸ್ಸುಗಳಲ್ಲಿ ಒಂದಾಯಿತು.

ಇಂಥ ಚಿತ್ರಗಳಿಗೆ ಮಾರುಕಟ್ಟೆಯಲ್ಲಿ ಒಂದು ಹೆಸರೇ ಇತ್ತು: ‘ಮುಸ್ಲಿಂ ಸೋಷಿಯಲ್’. ಹೆಸರಿಗೆ ಸಾಮಾಜಿಕ, ಆದರೆ ಅದರಲ್ಲಿದ್ದ ಸಮಾಜ ಯಾವುದು? ಶಾಂಡ್ಲಿಯರುಗಳು ತೂಗುವ ಹವೇಲಿ, ಶೇರ್ವಾನಿ ತೊಟ್ಟ ನವಾಬ, ಮುಷಾಯಿರಾ, ಕವ್ವಾಲಿ, ಪರದೆಯ ಹಿಂದಿನ ನಾಯಕಿ. ‘ಮೇರೆ ಮೆಹಬೂಬ್’ ತಯಾರಾದಾಗ ದೇಶವಿಭಜನೆಯಾಗಿ ಹದಿನಾರು ವರ್ಷಗಳಾಗಿದ್ದವು. ಕಥೆ ಅಲಿಘರ್ ವಿಶ್ವವಿದ್ಯಾಲಯದಿಂದ ಆರಂಭವಾಗಿ ಲಕ್ನೋಗೆ ಬರುತ್ತದೆ. ನವಾಬರು ಸಾಲದಲ್ಲಿ ಮುಳುಗಿರುವುದನ್ನೂ ತೋರಿಸುತ್ತದೆ. ಆದರೆ ಆ ಎರಡೂ ಊರುಗಳ ಅಸಂಖ್ಯ ಮನೆಗಳನ್ನು ಒಡೆದ ವಿಭಜನೆಯ ನೆರಳು ಕಥೆಯ ಮೇಲೆ ಬೀಳುವುದೇ ಇಲ್ಲ.

ಈ ಚಿತ್ರಗಳನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ನೌಶಾದ್, ರವಿ ಅವರ ಸಂಗೀತವೂ ಶಕೀಲ್ ಬದಾಯೂನಿಯವರ ಸಾಹಿತ್ಯವೂ ಧರ್ಮದ ಗೋಡೆಗಳನ್ನು ದಾಟಿ ಮನೆಮನೆ ತಲುಪಿದವು. ಉರ್ದು ಭಾಷೆಗೆ ಸರಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಸಿಗದ ಮರ್ಯಾದೆ ಟಾಕೀಸಿನ ಕತ್ತಲೆಯಲ್ಲಿ ಸಿಕ್ಕಿತು. ಮುಸ್ಲಿಮರೂ ಮುಗಿಬಿದ್ದು ನೋಡಿದರು, ಹಿಂದೂಗಳೂ ನೋಡಿದರು. ಆದರೆ ಈ ಯಶಸ್ಸಿನಿಂದ ಹಣ ಹೂಡುವವರು ಕಲಿತ ಪಾಠ ಮಾತ್ರ ವಿಚಿತ್ರವಾಗಿತ್ತು. ಮುಸ್ಲಿಮನ ಕಥೆಯೆಂದರೆ ನವಾಬನ ಕಥೆ, ಜನರಿಗೆ ಬೇಕಾಗಿರುವುದು ಅದೊಂದೇ ಎಂದು ಅವರು ನಿರ್ಧರಿಸಿಬಿಟ್ಟರು.

ಲೆಕ್ಕ ತಪ್ಪಿದ ಪಂಡಿತರು

ಜನರ ಅಭಿರುಚಿಯ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡುವ ಮಾರುಕಟ್ಟೆಯ ಪಂಡಿತರು ಎಷ್ಟು ಸಲ ಎಡವಿದ್ದಾರೆ ಎಂಬುದನ್ನೂ ನೋಡಬೇಕು. ಕಮಾಲ್ ಅಮ್ರೋಹಿಯವರ ‘ಪಾಕೀಝಾ’ 1950ರ ದಶಕದಲ್ಲಿ ಆರಂಭವಾಗಿ 1972ರ ಫೆಬ್ರವರಿ 4ರಂದು ಬಿಡುಗಡೆಯಾಯಿತು. ಅಷ್ಟರಲ್ಲಿ ಸಂಗೀತ ನಿರ್ದೇಶಕ ಗುಲಾಂ ಮುಹಮ್ಮದ್ ತೀರಿಕೊಂಡಿದ್ದರು. ಮೊದಲ ವಾರಗಳ ಪ್ರತಿಕ್ರಿಯೆ ತಣ್ಣಗಿತ್ತು. ಮಾರ್ಚ್ 31ರಂದು ನಾಯಕಿ ಮೀನಾ ಕುಮಾರಿ ನಿಧನರಾದರು. ಆಮೇಲೆ ಜನ ಸಾಲುಗಟ್ಟಿದರು, ಚಿತ್ರ ಆ ವರ್ಷದ ದೊಡ್ಡ ಯಶಸ್ಸುಗಳ ಪಟ್ಟಿಗೆ ಸೇರಿತು. ಫೆಬ್ರವರಿಯ ಚಿತ್ರವೂ ಏಪ್ರಿಲ್‌ನ ಚಿತ್ರವೂ ಒಂದೇ. ನಡುವೆ ಒಂದು ಅಡಿ ರೀಲೂ ಬದಲಾಗಿರಲಿಲ್ಲ. ಹಾಗಿದ್ದರೆ ಬದಲಾದದ್ದು ಯಾವ ಅಭಿರುಚಿ?

1975ರ ಆಗಸ್ಟ್ 15ರಂದು ಬಿಡುಗಡೆಯಾದ ‘ಶೋಲೆ’ಯನ್ನು ಮೊದಲ ವಾರಗಳಲ್ಲಿ ವಾಣಿಜ್ಯ ವಲಯ ಸೋತ ಚಿತ್ರವೆಂದೇ ಎಣಿಸಿತ್ತು. ಅದು ಮುಂಬೈಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಅದೇ ವರ್ಷ ಹೆಸರಾಂತ ತಾರೆಯರಿಲ್ಲದ, ಅಲ್ಪ ವೆಚ್ಚದ ‘ಜೈ ಸಂತೋಷಿ ಮಾ’ ಭಾರೀ ಹಣ ಗಳಿಸಿತು. ನಮ್ಮಲ್ಲೂ ಅಷ್ಟೇ. 1972ರಲ್ಲಿ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ಬಂಜರು ನೆಲವನ್ನು ಹಸನು ಮಾಡುವ ರೈತನೊಬ್ಬನ ಕಥೆಯನ್ನು ಜನ ಈ ಪರಿ ನೋಡುತ್ತಾರೆಂದು ಮೊದಲೇ ಲೆಕ್ಕ ಹಾಕಿ ಹೇಳಬಲ್ಲ ಸೂತ್ರ ಯಾವ ವಿತರಕನ ಬಳಿಯಿತ್ತು?

ಹಾಗೆಂದು ಸೋತ ಚಿತ್ರಗಳೆಲ್ಲ ಶ್ರೇಷ್ಠವೆಂದೂ ಗೆದ್ದವೆಲ್ಲ ಕೀಳೆಂದೂ ನಾವು ಹೇಳುತ್ತಿಲ್ಲ. ಜನ ನಿಜಕ್ಕೂ ತಿರಸ್ಕರಿಸುವುದುಂಟು. ‘ಕಾಗಝ್ ಕೆ ಫೂಲ್’ ಚಿತ್ರಮಂದಿರಕ್ಕೆ ಬಂದೇ ಸೋತಿತು, ದಶಕಗಳು ಕಳೆದ ಮೇಲೆ ಮನ್ನಣೆ ಪಡೆಯಿತು. ಅಲ್ಲಿ ಕನಿಷ್ಠ ಪ್ರಶ್ನೆಯಾದರೂ ಜನರ ಮುಂದೆ ಬಂದಿತ್ತು. ಪ್ರಶ್ನೆಯನ್ನೇ ಕೇಳದೆ ಉತ್ತರವನ್ನು ಜನರ ಹೆಸರಿನಲ್ಲಿ ಬರೆದುಕೊಂಡರೆ ಅದನ್ನು ಏನೆನ್ನಬೇಕು? ‘ಗರ್ಮ್ ಹವಾ’ದ ವಿಷಯದಲ್ಲಿ ಆದದ್ದು ಅದೇ.

ಆಗ್ರಾದ ಸಲೀಂ ಮಿರ್ಝಾ

‘ಗರ್ಮ್ ಹವಾ’ದ ನಿರ್ದೇಶಕ ಮೈಸೂರಿನ ಎಂ.ಎಸ್. ಸತ್ಯು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆಯೊಂದನ್ನು ಆಧರಿಸಿ ಕೈಫಿ ಆಝ್ಮಿ ಮತ್ತು ಶಮಾ ಝೈದಿ ಚಿತ್ರಕಥೆ ಬರೆದರು. ಸರಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ ಎರಡೂವರೆ ಲಕ್ಷ ರೂಪಾಯಿ. ಉಳಿದುದನ್ನು ಸತ್ಯು ಗೆಳೆಯರಿಂದ ಕೈಗಡ ತಂದರು. ಸ್ಥಳದಲ್ಲೇ ಧ್ವನಿಮುದ್ರಣ ಮಾಡಲು ಹಣವಿಲ್ಲದೆ ಚಿತ್ರೀಕರಣವನ್ನು ಮೂಕವಾಗಿ ಮುಗಿಸಿ, ಮಾತುಗಳನ್ನು ಆಮೇಲೆ ಸೇರಿಸಲಾಯಿತು. ಆಗ್ರಾದಲ್ಲಿ ಸ್ಥಳೀಯರ ವಿರೋಧ ಎದುರಾದಾಗ, ರೀಲಿಲ್ಲದ ಕ್ಯಾಮರಾದೊಂದಿಗೆ ಒಂದು ನಕಲಿ ತಂಡವನ್ನು ಬೇರೆ ಕಡೆಗೆ ಕಳುಹಿಸಿ ಗುಂಪನ್ನು ಅತ್ತ ಸೆಳೆದು ಕೆಲಸ ಮುಂದುವರಿಸಬೇಕಾಯಿತು.

ಕಥೆಯ ಕೇಂದ್ರದಲ್ಲಿ ನವಾಬನಿಲ್ಲ. ಬೂಟು ತಯಾರಿಸುವ ಕಾರ್ಖಾನೆಯೊಂದರ ಮಾಲಿಕ ಸಲೀಂ ಮಿರ್ಝಾ ಇದ್ದಾನೆ. ಗಾಂಧೀಜಿಯ ಹತ್ಯೆಯಾಗಿದೆ. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಿದ್ದಾರೆ. ಸಾಲ ಪಡೆದು ದೇಶ ಬಿಟ್ಟವರಿಂದಾಗಿ ಉಳಿದವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಮನೆ ವಲಸೆ ಹೋದ ಅಣ್ಣನ ಹೆಸರಿನಲ್ಲಿದ್ದ ಕಾರಣ ಕೈತಪ್ಪುತ್ತದೆ. ವೃದ್ಧೆ ತಾಯಿ ಆ ಮನೆ ಬಿಟ್ಟು ಬರಲೊಲ್ಲದೆ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಬಾಡಿಗೆ ಮನೆ ಹುಡುಕುತ್ತ ಹೋದರೆ ಮುಸ್ಲಿಮನೆಂಬ ಕಾರಣಕ್ಕೆ ಬಾಗಿಲು ಮುಚ್ಚುತ್ತದೆ. ಮದುವೆಯ ಮಾತು ಎರಡು ಸಲ ಮುರಿದುಬಿದ್ದ ಮಗಳು ಪ್ರಾಣ ಕಳೆದುಕೊಳ್ಳುತ್ತಾಳೆ. ಗೂಢಚಾರನೆಂಬ ಸುಳ್ಳು ಆರೋಪವನ್ನೂ ಸಲೀಂ ಹೊರಬೇಕಾಗುತ್ತದೆ. ಕೊನೆಗೆ ಅವನೂ ಸೋತು ನಿಲ್ದಾಣದತ್ತ ಟಾಂಗಾ ಹತ್ತುತ್ತಾನೆ. ದಾರಿಯಲ್ಲಿ ಕೆಲಸ ಕೇಳುವ ನಿರುದ್ಯೋಗಿಗಳ ಮೆರವಣಿಗೆ ಎದುರಾಗುತ್ತದೆ. ಮಗನನ್ನು ಅದರೊಳಗೆ ಕಳುಹಿಸಿ, ಹೆಂಡತಿಗೆ ಮನೆಯ ಕೀಲಿಕೈ ಕೊಟ್ಟು, ತಾನೂ ಇಳಿದು ಆ ಗುಂಪನ್ನು ಸೇರುತ್ತಾನೆ. ಸಲೀಂ ಮಿರ್ಝಾನ ಪಾತ್ರ ಮಾಡಿದ ಬಲರಾಜ್ ಸಾಹ್ನಿ ಸ್ವತಃ ರಾವಲ್ಪಿಂಡಿಯಿಂದ ಬೇರು ಕಿತ್ತುಕೊಂಡು ಬಂದವರು. ಧ್ವನಿ ಜೋಡಣೆ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ಅವರು ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದನ್ನು ಅವರು ನೋಡಲಿಲ್ಲ.

ಸಾಗರ್ ಮತ್ತು ಸಂಗೀತ್

ಚಿತ್ರ ಸಿದ್ಧವಾಯಿತು. ಕೋಮುಗಲಭೆ ಭುಗಿಲೇಳಬಹುದೆಂಬ ಹೆದರಿಕೆಯಲ್ಲಿ ಸೆನ್ಸಾರ್ ಮಂಡಳಿ ಅದನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಸತ್ಯು ಪತ್ರಕರ್ತರಿಗೆ, ರಾಜಕೀಯ ನಾಯಕರಿಗೆ, ಸರಕಾರದ ಹಿರಿಯರಿಗೆ ತೋರಿಸುತ್ತ ಬಾಗಿಲಿಂದ ಬಾಗಿಲಿಗೆ ಅಲೆದರು. ಕೊನೆಗೂ ಅನುಮತಿ ದೊರೆಯಿತು. ಆದರೆ ವಿತರಕರು ಹಿಂದೆ ಸರಿದರು. ಅವರ ಬಾಯಲ್ಲೂ ಅದೇ ಮಾತು: ಜನ ಇದನ್ನು ಒಪ್ಪುವುದಿಲ್ಲ, ಗಲಾಟೆಯಾಗುತ್ತದೆ.

ಕಡೆಗೆ ಧೈರ್ಯ ಮಾಡಿದ್ದು ಬೆಂಗಳೂರು. ಇಲ್ಲಿನ ಸಾಗರ್ ಮತ್ತು ಸಂಗೀತ್ ಎಂಬ ಎರಡು ಚಿತ್ರಮಂದಿರಗಳಲ್ಲಿ ‘ಗರ್ಮ್ ಹವಾ’ ಮೊದಲು ತೆರೆಕಂಡಿತು. ಲಕ್ನೋ ಅಲ್ಲ, ದಿಲ್ಲಿ ಅಲ್ಲ, ಮುಂಬೈಯೂ ಅಲ್ಲ. ಉತ್ತರ ಭಾರತದ ವಿಭಜನೆಯ ಗಾಯ ನೇರವಾಗಿ ತಾಗದ, ಉರ್ದು ಸಂಭಾಷಣೆಯನ್ನು ಕನ್ನಡಿಗ, ತಮಿಳ, ದಖನಿ ಮಾತಾಡುವ ಮುಸ್ಲಿಂ ಎಲ್ಲರೂ ಅವರವರ ಮಟ್ಟಕ್ಕೆ ಅರ್ಥ ಮಾಡಿಕೊಳ್ಳಬೇಕಾಗಿದ್ದ ಒಂದು ದಕ್ಷಿಣದ ನಗರ. ಹೆದರಿದ್ದ ಗಲಭೆ ನಡೆಯಲಿಲ್ಲ. ಪ್ರೇಕ್ಷಕರು ಬಂದರು, ಮೆಚ್ಚಿದರು. ಇಲ್ಲಿ ಸಿಕ್ಕ ಸ್ವಾಗತದಿಂದಲೇ ದೇಶದ ಇತರ ಕಡೆಗಳಲ್ಲಿ ಬಿಡುಗಡೆಯ ದಾರಿ ತೆರೆಯಿತು. ಮುಂಬೈಯಲ್ಲಿ ಪ್ರದರ್ಶನಕ್ಕೆ ಮುನ್ನ ಚಿತ್ರಮಂದಿರ ಸುಡುವ ಬೆದರಿಕೆ ಬಂತು. ಅದನ್ನೂ ದಾಟಿ ಚಿತ್ರ ತೆರೆಕಂಡಿತು.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಿ. ಶಾಂತಿ ಕದಡುತ್ತದೆಂದು ತಡೆಹಿಡಿಯಲಾಗಿದ್ದ ಚಿತ್ರಕ್ಕೇ ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು! 1974ರಲ್ಲಿ ಅದು ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿತ್ತು. ಆಸ್ಕರ್‌ಗೆ ಭಾರತ ಕಳುಹಿಸಿದ ಚಿತ್ರವೂ ಅದೇ ಆಯಿತು.

ಕಿಟಕಿಯಾಚೆಗಿನ ತೀರ್ಮಾನ

‘ಗರ್ಮ್ ಹವಾ’ ‘ಮೇರೆ ಮೆಹಬೂಬ್’ನಂತೆ ಹಣ ಬಾಚಲಿಲ್ಲ. ಹಾಗೆ ಬಾಚಬೇಕಿತ್ತೆಂದು ನಾವು ಹೇಳುವುದೂ ಇಲ್ಲ. ಆದರೆ ಇವೆರಡರ ಗಳಿಕೆಯನ್ನು ಪಕ್ಕಪಕ್ಕ ಇಟ್ಟು ಜನರ ಅಭಿರುಚಿ ಇಂಥದ್ದೆಂದು ತೀರ್ಪು ಕೊಡುವುದು ನ್ಯಾಯವೇ? ಒಂದಕ್ಕೆ ತಾರೆಯರು, ಊರೂರಿನ ಟಾಕೀಸುಗಳು ಇದ್ದವು. ಇನ್ನೊಂದು ಎರಡು ಚಿತ್ರಮಂದಿರಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು.

ಚಿತ್ರವ್ಯಾಪಾರದ ಒಳಗನ್ನು ಬಲ್ಲವರಿಗೆ ಇದು ಹೊಸತಲ್ಲ. ವ್ಯಾಪಾರಿಗಳು ದೇಶವನ್ನು ವಲಯಗಳಾಗಿ ಹಂಚಿಕೊಂಡಿದ್ದರು. ರಾಜಸಂಸ್ಥಾನಗಳು ಹೋದ ಮೇಲೂ ಆ ವಲಯಗಳ ಪಟ್ಟಿಯಲ್ಲಿ ‘ನಿಜಾಮ್’, ‘ಮೈಸೂರು’ ಎಂಬ ಹೆಸರುಗಳು ಉಳಿದವು. ವಲಯದ ವಿತರಕ ಮುಂಗಡ ಕೊಟ್ಟರೆ ಚಿತ್ರ ಮುಗಿಯುತ್ತದೆ, ಕೊಡದಿದ್ದರೆ ಡಬ್ಬದಲ್ಲೇ ಉಳಿಯುತ್ತದೆ. ವಾರದ ಗಳಿಕೆ ಗೊತ್ತುಪಡಿಸಿದ ಮೊತ್ತಕ್ಕಿಂತ ಇಳಿದರೆ ಚಿತ್ರಮಂದಿರದಿಂದ ಇಳಿಸುತ್ತಾರೆ. ಅಂದರೆ ಟಿಕೆಟ್ ಕಿಟಕಿಯ ಹೊರಗೆ ನಿಂತ ಜನ ಆಯ್ಕೆ ಮಾಡುವ ಮೊದಲೇ, ಕಿಟಕಿಯಾಚೆಗಿನ ಕೆಲವೇ ಮಂದಿ ಆಯ್ಕೆ ಮುಗಿಸಿರುತ್ತಾರೆ.

ಇದರ ಬೆಲೆ ತೆತ್ತವರು ಯಾರು? ತೆರೆಯ ಮೇಲೆ ಮುಸ್ಲಿಮನೆಂದರೆ ಮೊದಲು ನವಾಬನಾದ. 1990ರ ದಶಕದ ನಂತರ ಬಹಳಷ್ಟು ಚಿತ್ರಗಳಲ್ಲಿ ಭಯೋತ್ಪಾದಕನಾದ. ಎರಡೂ ಸಲ “ಜನ ಕೇಳುತ್ತಾರೆ” ಎಂಬ ಸಮರ್ಥನೆಯೇ ಇತ್ತು. ಬಾಡಿಗೆ ಮನೆಗಾಗಿ ಅಲೆಯುವ, ಬ್ಯಾಂಕಿನ ಮುಂದೆ ನಿಲ್ಲುವ, ಮಗಳ ಮದುವೆಯ ಚಿಂತೆ ಹೊತ್ತ ಪಕ್ಕದ ಮನೆಯವನಿಗೆ ಮಾತ್ರ ಜಾಗ ಅಪರೂಪವಾಯಿತು. ಪಕ್ಕದ ಮನೆಯವನನ್ನು ನೋಡದವರು ತೆರೆಯ ಮೇಲೆ ಕಂಡವನನ್ನೇ ಪಕ್ಕದ ಮನೆಯವನೆಂದು ನಂಬಿದರೆ ಆಶ್ಚರ್ಯವೇನು?

ಕನ್ನಡದಲ್ಲಿ ಆ ಕೊರತೆಯನ್ನು ತುಂಬಲು ಯತ್ನಿಸಿದವರಲ್ಲಿ ಗಿರೀಶ್ ಕಾಸರವಳ್ಳಿ ಮುಖ್ಯರು. ಬಾನು ಮುಷ್ತಾಕ್ ಅವರ ಕಥೆಯಿಂದ 2004ರಲ್ಲಿ ‘ಹಸೀನಾ’, ವೈದೇಹಿಯವರ ಕಥೆಯಿಂದ 2008ರಲ್ಲಿ ‘ಗುಲಾಬಿ ಟಾಕೀಸು’ ಮಾಡಿದರು. ಎರಡನೆಯದರ ನಾಯಕಿ ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ. ಸಿನಿಮಾ ಹುಚ್ಚಿನ ಬಡ ಮುಸ್ಲಿಂ ಹೆಂಗಸು. ‘ಜನರ ಅಭಿರುಚಿ’ ಎಂದು ನಾವು ಕರೆಯುವುದು ಕೊನೆಗೆ ಇಂಥ ಗುಲಾಬಿಗಳದ್ದೇ ಅಲ್ಲವೇ? ತಾರಾ ಮತ್ತು ಉಮಾಶ್ರೀ ಇಬ್ಬರಿಗೂ ಈ ಪಾತ್ರಗಳಿಗಾಗಿ ರಾಷ್ಟ್ರಪ್ರಶಸ್ತಿ ಬಂತು. ಆದರೆ ಗುಲಾಬಿಯ ಊರಿನ ಟಾಕೀಸಿನಲ್ಲಿ ಇಂಥ ಚಿತ್ರ ಒಂದು ವಾರ ಓಡುವ ವ್ಯವಸ್ಥೆಯನ್ನು ನಮ್ಮ ಸಮಾಜ ಕಟ್ಟಿಕೊಳ್ಳಲಿಲ್ಲ.

‘ಗರ್ಮ್ ಹವಾ’ದ ಹಾಳಾಗುತ್ತಿದ್ದ ರೀಲುಗಳನ್ನು ಶುದ್ಧೀಕರಿಸಿ 2014ರ ನವೆಂಬರ್ 14ರಂದು ಮತ್ತೆ ಬಿಡುಗಡೆ ಮಾಡಲಾಯಿತು. ನಲವತ್ತು ವರ್ಷಗಳ ನಂತರವೂ ಅದನ್ನು ನೋಡಬೇಕೆನ್ನುವವರು ಇದ್ದರು. ಆದ್ದರಿಂದ ಇನ್ನು ಮುಂದೆ ಯಾರಾದರೂ “ಜನ ಕೇಳುವುದೇ ಇದನ್ನು” ಎಂದರೆ ನಾವು ಸುಮ್ಮನಾಗಬೇಕಿಲ್ಲ. ಬೇರೆಯದನ್ನು ಎಷ್ಟು ಚಿತ್ರಮಂದಿರಗಳಲ್ಲಿ ತೋರಿಸಿದಿರಿ, ಯಾವ ಹೊತ್ತಿನ ಆಟದಲ್ಲಿ, ಎಷ್ಟು ದಿನ ಎಂದು ಕೇಳೋಣ. ತೋರಿಸಿದ ದಿನ ನಾವು ಟಿಕೆಟ್ ಕೊಂಡು ಒಳಗೆ ಹೋದೆವೇ ಎಂದು ನಮ್ಮನ್ನೂ ಕೇಳಿಕೊಳ್ಳೋಣ. 1974ರಲ್ಲಿ ಸಾಗರ್ ಮತ್ತು ಸಂಗೀತ್‌ಗೆ ಹೋದ ಬೆಂಗಳೂರಿನ ಪ್ರೇಕ್ಷಕರು ಮಾಡಿದ್ದು ಅಷ್ಟನ್ನೇ.